ರಂಗದ ಮೇಲೆ ಬರುವ ದೆವ್ವ

ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹಬ್ಬವೆಂದರೆ ದೆವ್ವದ ಕಥೆಗಳ ಕಾಲವೂ ಹೌದು. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಮನೆಮಂದಿ ಬೆಂಕಿಯ ಸುತ್ತ ಕುಳಿತು ಇಂಥ ಕಥೆಗಳನ್ನು ಹೇಳಿಕೊಳ್ಳುವುದು ಅಲ್ಲಿಯ ಹಳೆಯ ವಾಡಿಕೆ. ಅವುಗಳಲ್ಲೆಲ್ಲ ಹೆಸರಾದುದು ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರೊಲ್’. 1843ರ ಡಿಸೆಂಬರ್ 19ರಂದು ಹೊರಬಂದ ಈ ಪುಟ್ಟ ಪುಸ್ತಕದ ಆರು ಸಾವಿರ ಪ್ರತಿಗಳು ಹಬ್ಬದೊಳಗಾಗಿ ಮಾರಿಹೋದುವು. 1844ರ ಫೆಬ್ರವರಿ 5ರಂದು ಲಂಡನ್ನಿನಲ್ಲಿ ಒಂದೇ ದಿನ ಮೂರು ಕಡೆ ಅದು ನಾಟಕವಾಗಿ ರಂಗವೇರಿತು.

ಕಥೆ ಸರಳವಾದುದು. ಸ್ಕ್ರೂಜ್ ಎಂಬ ಜಿಪುಣ ಸಾಹುಕಾರನ ಮನೆಗೆ ಹಬ್ಬದ ಹಿಂದಿನ ರಾತ್ರಿ ಅವನ ಸತ್ತ ಪಾಲುದಾರ ಮಾರ್ಲಿ ಬರುತ್ತಾನೆ. ಅವನ ಮೈಗೆ ಸುತ್ತಿದ ಸರಪಳಿ ಬೀಗ, ಬೀಗದ ಕೈ, ಹಣದ ಪೆಟ್ಟಿಗೆ, ಲೆಕ್ಕದ ಪುಸ್ತಕಗಳಿಂದಾದುದು. ಆಮೇಲೆ ಹಿಂದಿನ, ಇಂದಿನ, ಮುಂದಿನ ಹಬ್ಬಗಳ ಮೂರು ಭೂತಗಳು ಬಂದು ಅವನ ಬಾಳನ್ನು ಅವನಿಗೇ ತೋರಿಸುತ್ತವೆ. ನಮ್ಮ ಕಥೆಗಳ ದೆವ್ವ ಬಹುಮಟ್ಟಿಗೆ ಕಾಡುವುದಕ್ಕೆ ಬರುತ್ತದೆ. ಇವು ಲೆಕ್ಕ ಕೇಳುವುದಕ್ಕೆ ಬಂದವು.

ದೆವ್ವವನ್ನು ರಂಗದ ಮೇಲೆ ತೋರಿಸುವುದು ಹೇಗೆ? 1862ರ ಡಿಸೆಂಬರ್ 24ರಂದು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಪೆಪ್ಪರ್ ಎಂಬ ವಿಜ್ಞಾನದ ಉಪನ್ಯಾಸಕರು ಇದಕ್ಕೊಂದು ಉಪಾಯ ತೋರಿಸಿದರು. ಆಡಿದ್ದು ಡಿಕನ್ಸರದೇ ಇನ್ನೊಂದು ಹಬ್ಬದ ಕಥೆ, ‘ದಿ ಹಾಂಟೆಡ್ ಮ್ಯಾನ್’. ರಂಗದ ಮುಂದೆ ದೊಡ್ಡದೊಂದು ಗಾಜನ್ನು ಓರೆಯಾಗಿ ನಿಲ್ಲಿಸಿದರು. ಕೆಳಗೆ, ಪ್ರೇಕ್ಷಕರಿಗೆ ಕಾಣದ ಹಳ್ಳದಲ್ಲಿ, ದೆವ್ವದ ವೇಷಧಾರಿಯ ಮೇಲೆ ಪ್ರಖರವಾದ ಬೆಳಕು ಬಿಟ್ಟರು. ಅವನ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ಹಿಂದಿದ್ದ ನಟರ ನಡುವೆಯೇ ಅವನು ನಿಂತಂತೆ ಕಂಡಿತು. ಬೆಳಕು ತಗ್ಗಿಸಿದೊಡನೆ ಮಾಯವಾಯಿತು. ರಾತ್ರಿ ಕಿಟಕಿಯ ಗಾಜಿನಲ್ಲಿ ಮನೆಯ ದೀಪ ಹೊರಗಿನ ಕತ್ತಲಲ್ಲಿ ತೂಗಾಡುವಂತೆ ಕಾಣುವುದಲ್ಲವೆ? ಇದೂ ಅದೇ.

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಂಥ ಊರಿನಲ್ಲಿ ಈ ನಾಟಕ ಆಡಬೇಕೆಂದರೆ ಅಷ್ಟು ದೊಡ್ಡ ಗಾಜು ಬೇಕಾಗಿಲ್ಲ. ಬಿಳಿಯ ಪರದೆ, ಅದರ ಹಿಂದೊಂದು ದೀಪ ಇದ್ದರೆ ಸಾಕು. ನಮ್ಮ ತೊಗಲುಗೊಂಬೆಯವರು ದೇವತೆಗಳನ್ನೂ ರಾಕ್ಷಸರನ್ನೂ ಬಹುಕಾಲದಿಂದ ಹೀಗೆಯೇ ಕರೆತಂದಿದ್ದಾರೆ. ಹಬ್ಬಕ್ಕೆ ಊರವರೇ ವೇಷ ಕಟ್ಟುವುದೂ ಈ ಸೀಮೆಗೆ ಹೊಸದಲ್ಲ. ಇದೇ ತಾಲ್ಲೂಕಿನ ಹಾರೋಬೆಲೆಯಲ್ಲಿ ಯೇಸುವಿನ ಕಡೆಯ ದಿನಗಳ ನಾಟಕವನ್ನು ಊರವರೇ ಆಡಿಕೊಂಡು ಬಂದಿದ್ದಾರೆ.

ರೇಡಿಯೋದಲ್ಲಿ ಕೆಲಸ ಇನ್ನೂ ಹಗುರ. ಮಾರ್ಲಿಗೆ ಮೆಟ್ಟಿಲ ಮೇಲೆ ಎಳೆಯುವ ಸರಪಳಿಯ ಸದ್ದೇ ವೇಷ. ಮೂರನೆಯ ಭೂತ ಮಾತ್ರ ಕಷ್ಟ; ಅದು ಮಾತೇ ಆಡದು, ಬೆರಳು ತೋರುವುದಷ್ಟೇ. ಸ್ಕ್ರೂಜ್ ಪ್ರಶ್ನೆ ಕೇಳಬೇಕು, ಉತ್ತರವಾಗಿ ಮೌನ ಬರಬೇಕು.

ಆದರೆ ಯಾವ ರಂಗರೂಪವೂ ಬಿಡಬಾರದ ದೃಶ್ಯವೊಂದಿದೆ. ಎರಡನೆಯ ಭೂತ ತನ್ನ ನಿಲುವಂಗಿಯನ್ನು ಸರಿಸಿ, ಕಾಲಿಗೆ ಆತುಕೊಂಡ ಇಬ್ಬರು ಬಡಕಲು ಮಕ್ಕಳನ್ನು ತೋರಿಸುತ್ತದೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯದು ಕೊರತೆ. ಕಥೆ ಹುಟ್ಟಿದ್ದೇ ಇಲ್ಲಿ. ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತ ಸರ್ಕಾರಿ ವರದಿಯನ್ನು ಓದಿದ ಡಿಕನ್ಸ್ ಮೊದಲು ಒಂದು ಕರಪತ್ರ ಬರೆಯಹೊರಟಿದ್ದರು. ಕಥೆಯ ಪೆಟ್ಟು ಹೆಚ್ಚು ಬಲವಾದೀತೆಂದು ಮನಸ್ಸು ಬದಲಿಸಿದರು.

ರೇಷ್ಮೆಯ ಸೀಮೆಯವರಿಗೆ ಈ ಮಕ್ಕಳು ಅಪರಿಚಿತರಲ್ಲ. ಕರ್ನಾಟಕದ ನೂಲು ಬಿಚ್ಚಾಣಿಕೆಯ ಘಟಕಗಳಲ್ಲಿ ಕುದಿನೀರಿಗೆ ಕೈಯಿಟ್ಟು ಗೂಡು ತಡವುತ್ತಿದ್ದ, ತಂದೆತಾಯಿಯ ಸಾಲಕ್ಕೆ ಒತ್ತೆಯಾಗಿದ್ದ ಮಕ್ಕಳ ಸಂಗತಿಯನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ವರದಿ ಮಾಡಿತು. ಜೀತಪದ್ಧತಿಯನ್ನು ರದ್ದುಮಾಡಿದ ಕಾನೂನು 1976ರಷ್ಟು ಹಳೆಯದು. 2016ರ ತಿದ್ದುಪಡಿ, ಮನೆಯ ಉದ್ಯಮವೇ ಮೊದಲಾದ ಕೆಲವು ವಿನಾಯಿತಿಗಳನ್ನುಳಿದು, 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು. ಕಾನೂನು ಪುಸ್ತಕದಲ್ಲಿದ್ದರೂ ಮನಸ್ಸಿಗೆ ನಾಟಿಸುವ ಕೆಲಸ ಉಳಿದೇ ಇರುತ್ತದೆ. ನಾಟಕ ಮಾಡಬಲ್ಲದ್ದು ಅದನ್ನು.

ಸ್ಕ್ರೂಜ್ ಬೆಳಗ್ಗೆ ಎದ್ದು ತನ್ನ ಗುಮಾಸ್ತನ ಸಂಬಳ ಹೆಚ್ಚಿಸುತ್ತಾನೆ. ಆ ಮನೆಯ ಕುಂಟ ಹುಡುಗ ಟಿಮ್ ಬದುಕುತ್ತಾನೆ. ಆಡಿಸುವವರು ದೆವ್ವಕ್ಕೆ ಎಷ್ಟು ಬೆಳಕು ಕೊಟ್ಟರೂ ಸರಿಯೆ, ಆ ಹುಡುಗನ ಮೇಲೆ ಒಂದಿಷ್ಟು ಉಳಿಸಿಕೊಂಡಿರಬೇಕು.