ಲಾರಿಯ ಹಿಂದಿನ ಅಚ್ಚು: ಅರಿತು ಹೊರಿಸಬೇಕಾದ ಭಾರ

ಮಕ್ತಲದ ಭತ್ತವಾಗಲಿ, ಗದ್ವಾಲದ ಹತ್ತಿಯಾಗಲಿ, ನಾರಾಯಣಪೇಟೆಯ ತೊಗರಿಯಾಗಲಿ ಪೇಟೆಯನ್ನು ಕಾಣುವುದು ಲಾರಿಯ ಬೆನ್ನೇರಿ. ನಮ್ಮ ಗಡಿಭಾಗದ ಎಷ್ಟೋ ಕನ್ನಡ ಮನೆಗಳಲ್ಲಿ ಹಿರಿಯರು ಎತ್ತಿನ ಗಾಡಿ ಹೂಡಿದರು. ಮಕ್ಕಳು ಇಂದು ಲಾರಿ ನಡೆಸುತ್ತಿದ್ದಾರೆ. ಆ ಹಿರಿಯರು ಅಚ್ಚಿಗೆ ಕೀಲೆಣ್ಣೆ ಹಾಕದೆ, ಕಡಾಣಿಯನ್ನು ಮುಟ್ಟಿ ನೋಡದೆ ದಾರಿ ಹಿಡಿದವರಲ್ಲ. ಲಾರಿಯ ಹಿಂದಿನ ಅಚ್ಚನ್ನಾದರೋ ಅದು ಕೆಡುವವರೆಗೆ ಬಗ್ಗಿ ನೋಡುವವರು ವಿರಳ.

ಕಳೆದ ಸುಗ್ಗಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. "ಗುರುಗಳೇ, ಹಿಂದಿನ ಅಚ್ಚು ಪದೇ ಪದೇ ಕಾಟ ಕೊಡುತ್ತಿದೆ. ದೊಡ್ಡ ಅಚ್ಚು ಕೂರಿಸಿ, ಕಮಾನಿಗೆ ಎರಡು ಪಟ್ಟಿ ಸೇರಿಸಿದರೆ ಇನ್ನಷ್ಟು ಮೂಟೆ ಹೇರಬಹುದು. ಸಾಲಕ್ಕೆ ತಾವು ಜಾಮೀನು ನಿಲ್ಲಬೇಕು" ಎಂದನು. ರುಜು ಹಾಕುವ ಮುನ್ನ ಲಾರಿಯನ್ನೊಮ್ಮೆ ನೋಡೋಣವೆಂದೆವು; ಪರಿಚಯದ ಮೇಸ್ತ್ರಿಯೊಬ್ಬರನ್ನೂ ಕರೆದೊಯ್ದೆವು.

ಇದು ಯಾವ ಅಚ್ಚೆಂದು ಕೇಳಿದರೆ ಅವನಿಗೆ ತಿಳಿದಿರಲಿಲ್ಲ. ಹೌಸಿಂಗಿನ ಮಣ್ಣು ಒರೆಸಿದರೆ ತಯಾರಕರ ಫಲಕ ಸಿಕ್ಕೀತು; ಅದು ಅಳಿಸಿದ್ದರೆ ಹಲ್ಲುಗಳ ಲೆಕ್ಕವಿದೆ. ಕ್ರೌನ್ ಚಕ್ರಕ್ಕೆ 41, ಪಿನಿಯನ್ನಿಗೆ 6 ಹಲ್ಲುಗಳಿದ್ದರೆ ಅನುಪಾತ 6.83, ಪಿನಿಯನ್ನಿಗೆ 7 ಇದ್ದರೆ 5.86. ಬಿಚ್ಚದೆಯೂ ಇದನ್ನು ಅರಿಯಬಹುದು. ಬರಿದಾದ ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಗಾಲಿಗಳಿಗೆಲ್ಲ ಭದ್ರವಾಗಿ ಅಡೆ ಕೊಟ್ಟು, ಹಿಂದಿನ ಒಂದು ಬದಿಯನ್ನು ಮಾತ್ರ ಎತ್ತಿ ಗಟ್ಟಿಯಾದ ಆಸರೆಯ ಮೇಲಿರಿಸಬೇಕು. ಬರಿಯ ಜಾಕಿಯನ್ನು ನಂಬಿ ಯಾರೂ ಕೆಳಗೆ ನುಸುಳಬಾರದು. ಗೇರನ್ನು ನ್ಯೂಟ್ರಲಿಗೆ ತಂದು, ಬ್ರೇಕು ಸಡಿಲಿಸಿ, ಎತ್ತಿದ ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗುವುದೋ ಅದೇ ಅನುಪಾತ. ಎರಡು ಸುತ್ತು ಏಕೆ? ಡಿಫರೆನ್ಶಿಯಲ್ಲಿನ ಮೂಲಕ ಕ್ರೌನ್ ತಿರುಗುವುದು ಎರಡು ಗಾಲಿಗಳ ಸುತ್ತುಗಳ ಸರಾಸರಿಯಷ್ಟು. ಒಂದು ಗಾಲಿ ನಿಂತೇ ಇರುವಾಗ ಇನ್ನೊಂದರ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ತಿರುಗುತ್ತದೆ.

ಇನ್ನು ಕಾಟದ ಮೂಲವನ್ನು ನೋಡೋಣ. ಭರ್ತಿ ರಂಧ್ರದ ಅಂಚಿನವರೆಗೆ ಇರಬೇಕಾದ ಎಣ್ಣೆ ಬೆರಳಿಗೂ ಎಟುಕಲಿಲ್ಲ. ಹೌಸಿಂಗ್ ಉಸಿರಾಡುವ ಬ್ರೀದರ್ ಎರೆಮಣ್ಣಿನಿಂದ ಮುಚ್ಚಿಹೋಗಿತ್ತು. ಒಳಗೆ ಕಾದ ಗಾಳಿಯು ಹೊರದಾರಿ ಕಾಣದೆ ಎಣ್ಣೆಯನ್ನೇ ಸೀಲಿನಾಚೆಗೆ ತಳ್ಳಿ ಬ್ರೇಕಿನ ಡ್ರಮ್ಮನ್ನು ತೊಯ್ಯಿಸಿತ್ತು. ಅಂತಹ ಲಾರಿಯಲ್ಲಿ ಅವನು ತುಂಬಿದ ಮೂಟೆಗಳೊಡನೆ ಕೃಷ್ಣಾ ಸೇತುವೆಯನ್ನು ದಾಟುತ್ತಿದ್ದನೆಂಬುದನ್ನು ನೆನೆದು ನಮ್ಮ ಎದೆ ನಡುಗಿತು.

ಆದುದರಿಂದ ಓದುಗರು ಇಷ್ಟನ್ನು ಗಮನಿಸಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಅದರಲ್ಲಿ ಲೋಹದ ಚೂರುಗಳಿದ್ದರೆ ಹಲ್ಲೋ ಬೇರಿಂಗೋ ಸವೆದಿದೆ. ಪಯಣದ ನಂತರ ಒಂದೇ ಹಬ್ ಹೆಚ್ಚು ಬಿಸಿಯಾಗಿದ್ದರೆ ಅದರ ಬೇರಿಂಗನ್ನೂ ಬ್ರೇಕನ್ನೂ ಪರೀಕ್ಷಿಸಬೇಕು. ಕಮಾನು ಬಿಚ್ಚಿ ಜೋಡಿಸಿದ ಮೇಲೆ ಸ್ವಲ್ಪ ದೂರ ಓಡಿಸಿ ಯು-ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು.

ದೊಡ್ಡ ಅಚ್ಚಿನ ಮಾತು ಉಳಿಯಿತು. ಅನುಪಾತವನ್ನು 6.83ರಿಂದ 5.86ಕ್ಕೆ ಇಳಿಸಿದರೆ ಎಂಜಿನ್ನಿನ ಅದೇ ಸುತ್ತಿಗೆ ವೇಗವು ಆರರಲ್ಲೊಂದು ಪಾಲು ಏರುತ್ತದೆ. ಎಳೆಯುವ ಬಲವು ಏಳರಲ್ಲೊಂದು ಪಾಲು ಕುಗ್ಗುತ್ತದೆ. ಎರೆಹೊಲದಿಂದ ಭತ್ತ ಎಳೆಯುವವನಿಗೆ ಇದು ಲಾಭವಲ್ಲ. ಕಮಾನಿಗೆ ಪಟ್ಟಿ ಸೇರಿಸಿದ ಮಾತ್ರಕ್ಕೆ ಬ್ರೇಕು, ಟೈರು, ಚಾಸಿಗಳ ಬಲ ಹೆಚ್ಚುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತಾದರೂ, ಲಾರಿಯೊಂದರ ತೂಕ ಅದರ ನೋಂದಣಿ ಪತ್ರದಲ್ಲಿ ನಮೂದಾದುದನ್ನು ಮೀರುವಂತಿಲ್ಲ. ಆ ಪತ್ರದ ವಿವರಗಳು ತಯಾರಕರು ಗೊತ್ತುಪಡಿಸಿದುದಕ್ಕೆ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ರಸ್ತೆಯೂ ನಮ್ಮದೇ ಅಲ್ಲವೇ? ಅಮೆರಿಕದ ಇಲಿನಾಯ್ಸಿನಲ್ಲಿ 1958ರಿಂದ 1960ರವರೆಗೆ ನಡೆದ ಪರೀಕ್ಷೆಯ ಫಲಿತಾಂಶದಂತೆ, ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆಗೆ ತಗಲುವ ಹಾನಿ ಸುಮಾರು 16 ಪಟ್ಟು.

ನಾವು ಜಾಮೀನು ನಿಲ್ಲಲಿಲ್ಲ. ಅವನು ಮುಖ ಬಾಡಿಸಿಕೊಂಡನು. ಆದರೂ ಮೇಸ್ತ್ರಿಯ ಮಾತಿನಂತೆ ಸೀಲು, ಎಣ್ಣೆ, ಬ್ರೇಕಿನ ಲೈನಿಂಗುಗಳನ್ನು ಬದಲಾಯಿಸಿದನು. ದೊಡ್ಡ ಸಾಲ ತಪ್ಪಿತು. ಈಗ ಎಂಟನೆಯ ತರಗತಿಯಲ್ಲಿ ಓದುವ ಅವನ ಮಗಳು ಎಣ್ಣೆ ಹಾಕಿದ ತಾರೀಖನ್ನೂ ಲಾರಿ ಓಡಿದ ಕಿಲೋಮೀಟರುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ, ಅಚ್ಚ ಕನ್ನಡದಲ್ಲಿ. ಲಾರಿಯುಳ್ಳ ಪ್ರತಿಯೊಂದು ಮನೆಯಲ್ಲೂ ಅಂತಹದೊಂದು ಪುಸ್ತಕವಿರಲೆಂದು ನಾವು ಹಾರೈಸುತ್ತೇವೆ.