ಬೇಸಿಗೆಯ ಬಿಸಿಲು ಮತ್ತು ಎಳೆಯ ಮಕ್ಕಳ ರಕ್ಷಣೆ

ಸಕಲ ಜೀವರಾಶಿಗೆ ಚೈತನ್ಯದಾಯಕನಾದ ಸೂರ್ಯನು ಎಳೆಯ ಮಕ್ಕಳಿಗೂ ಉಪಕಾರಿಯೇ ಸರಿ. ಎಲುಬುಗಳ ಬಲಕ್ಕೆ ಬೇಕಾದ 'ಡಿ' ಜೀವಸತ್ವವು ಚರ್ಮದಲ್ಲಿ ಉಂಟಾಗುವುದು ಅವನ ಕಿರಣಗಳಿಂದಲೇ. ಆದರೆ ಕಲಬುರಗಿ, ರಾಯಚೂರು, ವಿಜಯಪುರ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳುಗಳ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದುಂಟು. ಆಗ ಅದೇ ಬಿಸಿಲು ಪ್ರಾಣಕ್ಕೆ ಎರವಾಗಬಲ್ಲುದು.

ಮಕ್ಕಳಿಗೆ ತಾಪವು ಬೇಗನೆ ತಟ್ಟಲು ಕಾರಣಗಳಿವೆ. ದೇಹದ ತೂಕಕ್ಕೆ ಹೋಲಿಸಿದರೆ ಶಿಶುವಿನ ಚರ್ಮದ ವಿಸ್ತಾರವು ದೊಡ್ಡವರದಕ್ಕಿಂತ ಅಧಿಕ. ಆದುದರಿಂದ ಹೊರಗಿನ ಕಾವನ್ನು ಅದು ಶೀಘ್ರವಾಗಿ ಹೀರಿಕೊಳ್ಳುತ್ತದೆ. ಬೆವರಿ ತಂಪಾಗುವ ಶಕ್ತಿಯಾದರೋ ಇನ್ನೂ ಪಕ್ವವಾಗಿರುವುದಿಲ್ಲ. ಇದಕ್ಕೂ ಮಿಗಿಲಾಗಿ, ಬಾಯಾರಿಕೆಯನ್ನು ಹೇಳಿಕೊಳ್ಳಲು ಹಸುಳೆಗೆ ಮಾತಿಲ್ಲ. ಆಟದಲ್ಲಿ ಮೈಮರೆತ ಬಾಲಕನಿಗೆ ಅದರ ಅರಿವೇ ಇರುವುದಿಲ್ಲ.

ಆರು ತಿಂಗಳೊಳಗಿನ ಶಿಶುವನ್ನು ನೇರ ಬಿಸಿಲಿಗೆ ಒಡ್ಡಲಾಗದು. ಅದಕ್ಕೆ ತಾಯಿಯ ಹಾಲೇ ನೀರು, ಹಾಲೇ ಆಹಾರ. ಬೇಸಿಗೆಯಲ್ಲಿ ಮತ್ತೆ ಮತ್ತೆ ಹಾಲೂಡಿಸಿದರೆ ಸಾಕು. ತೊಟ್ಟಿಲಿನ ಮೇಲೆ ದಪ್ಪ ಬಟ್ಟೆ ಹೊದಿಸಿದರೆ ನೆರಳಾಯಿತೆಂಬುದು ಭ್ರಮೆ. ಗಾಳಿಯಾಡದೆ ಒಳಗೆ ಕಾವೇರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಕ್ಷಣಕಾಲವೂ ಬಿಟ್ಟುಹೋಗಬಾರದು. ಹತ್ತೇ ನಿಮಿಷಗಳಲ್ಲಿ ಅಲ್ಲಿಯ ಉಷ್ಣತೆ ಸುಮಾರು 10 ಡಿಗ್ರಿಯಷ್ಟು ಏರಬಹುದು. ಹಿಂದಿನವರು ತೊಡಿಸುತ್ತಿದ್ದ ಕುಂಚಿಗೆಯು ತಲೆಯೊಡನೆ ಕಿವಿ, ಕುತ್ತಿಗೆಗಳನ್ನೂ ಕಾಯುತ್ತಿತ್ತು. ತೆಳುವಾದ ಹತ್ತಿ ಬಟ್ಟೆಯ ಕುಂಚಿಗೆ ಇಂದಿಗೂ ಯೋಗ್ಯವೇ.

ಶಾಲೆಯ ಮಕ್ಕಳ ರಕ್ಷಣೆ ಅಧ್ಯಾಪಕರ ಹೊಣೆ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ವಾಡಿಕೆಯುಂಟು. ದೊಡ್ಡವರಿಗೇ ಇಷ್ಟು ಎಚ್ಚರ ಬೇಕಾದಾಗ ಮಕ್ಕಳ ವಿಷಯದಲ್ಲಿ ಹೇಳತಕ್ಕುದೇನು? ಪ್ರಾರ್ಥನೆಯು ನೆರಳಿನಲ್ಲಿ ನಡೆಯಲಿ; ಆಟೋಟಗಳು ಬಿಸಿಲೇರುವ ಮುನ್ನ ಮುಗಿಯಲಿ. ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮವನ್ನು 2019ರಲ್ಲಿ ಕೇರಳದ ಶಾಲೆಗಳು ನಡೆಸಿ ತೋರಿದುದು ಅನುಕರಣೀಯ.

ತಲೆನೋವು, ವಾಕರಿಕೆ, ಬಳಲಿಕೆಗಳು ಮೊದಲ ಸೂಚನೆಗಳು. ಆಗ ಮಗುವನ್ನು ನೆರಳಿಗೆ ಒಯ್ದು, ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಕುಡಿಸಬೇಕು. ಮೈ ಕೆಂಡದಂತೆ ಸುಡುತ್ತ, ಮಾತು ತೊದಲಿ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ಬಾಯಿಗೆ ಏನನ್ನೂ ಹಾಕದೆ, ಮೈಗೆ ತಣ್ಣೀರೆರೆದು ಗಾಳಿ ಬೀಸುತ್ತ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ತಡವೇ ಮೃತ್ಯು.

ದಾರಿಹೋಕರ ಅರವಟ್ಟಿಗೆಗೆಂದು ಬಿಟ್ಟ ದತ್ತಿಗಳನ್ನು ಕನ್ನಡ ಶಾಸನಗಳು ಸ್ಮರಿಸುತ್ತವೆ. ಶಾಲೆಯ ಅಂಗಳದಲ್ಲಿ ನೆಟ್ಟು ಬೆಳೆಸಿದ ಒಂದು ಬೇವಿನ ಮರ, ತುಂಬಿಟ್ಟ ಒಂದು ಹರವಿ ತಣ್ಣೀರು ಅದೇ ದಾನಪರಂಪರೆಗೆ ಸೇರಿದವು. ಅವುಗಳ ಫಲವನ್ನು ಉಣ್ಣುವವರು ನಾಡಿನ ನಾಳಿನ ಪ್ರಜೆಗಳು.