ಕಿಲ್ಲಾರಿ ಸೀಮೆಯ ಹೆಂಗಸರು ಕಛ್‌ಗೆ ಹೊರಟಿದ್ದು ಯಾಕೆ?

ಮೂಡಲಪಾಳ್ಯ, ವಿಜಯನಗರ, ಚಂದ್ರಾ ಲೇಔಟ್ ಕಡೆಯ ಪಿಜಿಗಳಲ್ಲಿ ಬೀದರ್, ಕಲಬುರಗಿಯ ಹುಡುಗ ಹುಡುಗಿಯರು ಸಾಕಷ್ಟು ಜನ ಸಿಗ್ತಾರೆ. ಪರೀಕ್ಷೆಗೆ ಓದೋರು, ಕೆಲಸಕ್ಕೆ ಹೋಗೋರು. ನಿಮ್ಮ ರೂಮಿನಲ್ಲೂ ಒಬ್ಬರಿದ್ದರೆ, 1993ರ ಭೂಕಂಪ ನೆನಪಿದೆಯಾ ಅಂತ ಅವರ ಅಪ್ಪ ಅಮ್ಮನನ್ನು ಕೇಳಿಸಿ ನೋಡಿ. ನಡುಗಿದ್ದು ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ. ಆದರೆ ನೆಲಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ನಮ್ಮ ಜಿಲ್ಲೆಗಳಲ್ಲೂ ಅದರ ಅನುಭವ ಆಗಿತ್ತು.

ಸೆಪ್ಟೆಂಬರ್ 29ರ ರಾತ್ರಿ ಗಣೇಶನನ್ನು ಕಳಿಸಿಕೊಟ್ಟು ಜನ ತಡವಾಗಿ ಮಲಗಿದ್ದರು. 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ತೀವ್ರತೆ 6.2. ಲಾತೂರ್ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ 10,000 ಜನ ತೀರಿಕೊಂಡರು.

ಅವರನ್ನು ಕೊಂದಿದ್ದು ಅವರವರ ಮನೆಗಳೇ. ಕಲ್ಲು, ಮಣ್ಣಿನಲ್ಲಿ ಕಟ್ಟಿದ ದಪ್ಪ ಗೋಡೆ. ಮೇಲೆ ಮರದ ತೊಲೆ, ಅದರ ಮೇಲೆ ಬಿಸಿಲು ಮಳೆ ತಡೆಯಲು ಹಾಕಿದ ಅಡಿಗಟ್ಟಲೆ ಮಣ್ಣು. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಮಾಳಿಗೆಯೇ ಮಲಗಿದ್ದವರ ಮೇಲೆ ಕುಸಿಯಿತು.

ದೇವರನ್ನು ಏನಂತ ಕೇಳೋದು?

ಪೂಜೆ ಮುಗಿಸಿ ಮಲಗಿದವರಿಗೇ ಹೀಗಾದರೆ ಇನ್ನು ಯಾರನ್ನು ನಂಬೋದು? ಈ ಪ್ರಶ್ನೆ ಹಳೆಯದು. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪ ಆದಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ಸಿಕ್ಕ ಶಿಕ್ಷೆ ಅಂದರು ಗಾಂಧೀಜಿ. ಅಸ್ಪೃಶ್ಯತೆಯನ್ನು ಅಷ್ಟೇ ದ್ವೇಷಿಸುತ್ತಿದ್ದ ಟ್ಯಾಗೋರರು ಈ ಮಾತನ್ನು ಒಪ್ಪಲಿಲ್ಲ. ಅವರ ಆಕ್ಷೇಪವನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿ ಉತ್ತರ ಕೊಟ್ಟರು. ಇಬ್ಬರೂ ತಮ್ಮ ಮಾತು ಬಿಡಲಿಲ್ಲ.

ಈ ವಾದ ಒಂದು ಕಡೆ ನಡೀತಿದ್ದಾಗ ಇನ್ನೊಂದು ಕಡೆ ಕೆಲಸವೂ ನಡೀತಿತ್ತು. ಆಗಷ್ಟೇ ಜೈಲಿನಿಂದ ಹೊರಬಂದಿದ್ದ ರಾಜೇಂದ್ರ ಪ್ರಸಾದರು ಪರಿಹಾರದ ಹೊಣೆ ಹೊತ್ತರು. ಸ್ವಿಟ್ಜರ್ಲೆಂಡಿನ ಶಾಂತಿವಾದಿ ಎಂಜಿನಿಯರ್ ಪಿಯರ್ ಸೆರೆಸೋಲ್ ಕೆಲವೇ ಗೆಳೆಯರ ಜೊತೆ ಬಂದು, ಹಳ್ಳಿಗರ ಪಕ್ಕ ನಿಂತು ಊರು ಕಟ್ಟುವ ಕೆಲಸಕ್ಕೆ ಕೈ ಹಾಕಿದರು. ಯಾಕೆ ಹೀಗಾಯಿತು ಅನ್ನೋದಕ್ಕೆ ಉತ್ತರ ಸಿಗಲಿ ಅಂತ ಇವರ್ಯಾರೂ ಕಾಯಲಿಲ್ಲ.

ಕಲ್ಲು ತೆಗೆದ ಮೇಲೆ

ಕಿಲ್ಲಾರಿಯಲ್ಲೂ ಸೈನಿಕರು, ಸ್ವಯಂಸೇವಕರು ಮಳೆಯಲ್ಲೇ ಕಲ್ಲುಮಣ್ಣು ತೆಗೆದರು. ಅದು ಮೊದಲ ಕೆಲಸ ಅಷ್ಟೆ. ಆಮೇಲೆ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಬಿರುಕು ಬಿಟ್ಟ ಮನೆಗಳ ರಿಪೇರಿ ಬಾಕಿ ಇತ್ತು.

ಸರ್ಕಾರ ಹಣ ಕೊಟ್ಟರೂ ಗೋಡೆ ಹೇಗೆ ಗಟ್ಟಿ ಮಾಡಬೇಕು ಅಂತ ಮನೆಮನೆಗೆ ಹೋಗಿ ಹೇಳೋರು ಯಾರು? ಪ್ರೇಮಾ ಗೋಪಾಲನ್ ಮುನ್ನಡೆಸುತ್ತಿದ್ದ ‘ಸ್ವಯಂ ಶಿಕ್ಷಣ ಪ್ರಯೋಗ’ ಈ ಹೊಣೆಗೆ ಹಳ್ಳಿಯ ಮಹಿಳಾ ಮಂಡಲಗಳನ್ನು ಸಜ್ಜು ಮಾಡಿತು. ಅವರನ್ನು ‘ಸಂವಾದ ಸಹಾಯಕ’ರು ಅಂತ ಕರೆದರು. ಮಾಳಿಗೆ ಮೇಲಿನ ಮಣ್ಣಿನ ಭಾರ ಇಳಿಸಬೇಕು, ಗೋಡೆಯ ಒಳಮೈ ಹೊರಮೈ ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಹಾಕಬೇಕು, ಮನೆ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟಬೇಕು. ಇಂಥ ವಿಷಯಗಳನ್ನು ಹೆಂಗಸರೇ ಕಲಿತರು, ಅಕ್ಕಪಕ್ಕದವರಿಗೂ ಕಲಿಸಿದರು, ಕೆಲಸ ಸರಿಯಾಗಿ ನಡೀತಿದೆಯಾ ಅಂತ ನಿಂತು ನೋಡಿದರು. ಹೊರಗಿನವರ ಎದುರು ಮಾತಾಡುವ ರೂಢಿಯೇ ಇಲ್ಲದ ಎಷ್ಟೋ ಜನ ಎಂಜಿನಿಯರನ್ನು ಪ್ರಶ್ನೆ ಕೇಳುವ ಹಾಗಾದರು.

2001ರ ಜನವರಿ 26ರ ಬೆಳಗ್ಗೆ ಗುಜರಾತಿನ ಕಛ್ ನಡುಗಿತು. ಆಗ ಲಾತೂರ್, ಉಸ್ಮಾನಾಬಾದಿನ ಈ ಹೆಂಗಸರಲ್ಲಿ ಕೆಲವರು ಅಲ್ಲಿಗೆ ಹೊರಟರು. ದೊಡ್ಡ ದುಡ್ಡೇನೂ ಅವರ ಹತ್ತಿರ ಇರಲಿಲ್ಲ. ‘ನಮ್ಮ ಮನೆಯೂ ಬಿದ್ದಿತ್ತು, ಹೀಗೆ ಕಟ್ಟಿಕೊಂಡ್ವಿ’ ಅಂತ ಎದುರು ಕೂತು ಹೇಳಬಲ್ಲ ಅನುಭವ ಇತ್ತು. ಎಲ್ಲ ಕಳಕೊಂಡವರಿಗೆ ಈ ಮಾತನ್ನು ಅವರಷ್ಟು ಅಧಿಕಾರದಿಂದ ಇನ್ಯಾರು ಹೇಳೋಕಾಗುತ್ತೆ?

ಉಮರ್ಗಾ ದಾಟಿ ಗಡಿ ಈಚೆ ಬಂದರೆ ನಮ್ಮ ಬಸವಕಲ್ಯಾಣ. ಕಾಯಕವನ್ನೇ ಪೂಜೆ ಅಂದ ಶರಣರು ನಡೆದಾಡಿದ ಸೀಮೆ. ಆ ಹೆಂಗಸರ ಮನಸ್ಸಿನಲ್ಲಿ ಆ ಮಾತು ಇತ್ತೋ ಇಲ್ಲವೋ, ಅವರು ಮಾಡಿದ್ದು ಮಾತ್ರ ಅದನ್ನೇ. ಸತ್ತವರು ವಾಪಸ್ ಬರಲಿಲ್ಲ, ದೇವರೂ ಉತ್ತರ ಕೊಡಲಿಲ್ಲ. ಆದರೆ ತಾವು ಪಟ್ಟ ಪಾಡು ಇನ್ನೊಬ್ಬರ ಮನೆ ಉಳಿಸೋಕೆ ಉಪಯೋಗಕ್ಕೆ ಬಂತು. ನಂಬಿಕೆ ಮತ್ತೆ ಚಿಗುರೋಕೆ ಕೆಲವರಿಗೆ ಅಷ್ಟು ಸಾಕು.

ನಮಗೇನು?

ಬೆಂಗಳೂರಲ್ಲಿ ಭೂಕಂಪದ ಭಯ ಇಲ್ಲ ಅಂತ ನಾವು ನಿರಾಳವಾಗಿದ್ದೇವೆ. ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು! 2002ರಲ್ಲಿ ನಕ್ಷೆ ಬದಲಾದಾಗ ಆ ಭಾಗ ಮೂರನೇ ವಲಯಕ್ಕೆ ಸೇರಿತು, ಬೆಂಗಳೂರು ಎರಡನೇ ವಲಯಕ್ಕೆ ಸೇರಿತು. ಹಾಗಂತ ಹೆದರಬೇಕಿಲ್ಲ. ನಮ್ಮ ಏರಿಯಾದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲೂ ಕೆಳಗೆ ಕಾರಿಗೆ ಜಾಗ ಬಿಟ್ಟು, ಬರೀ ಕಂಬಗಳ ಮೇಲೆ ಮೂರು ನಾಲ್ಕು ಮಹಡಿ ಏರಿಸುತ್ತಾರೆ. ನೆಲ ಅಲುಗಿದರೆ ಮೊದಲು ಸೋಲೋದು ಗೋಡೆ ಇಲ್ಲದ ಆ ಕೆಳಮಹಡಿ. ನಿಮ್ಮ ಮನೆಯವರು ಮನೆ ಕಟ್ಟಿಸುತ್ತಿದ್ದರೆ, ಟೈಲ್ಸ್ ಆರಿಸುವ ಮುಂಚೆ ಕಂಬದ ಬಗ್ಗೆ ಎಂಜಿನಿಯರನ್ನು ಕೇಳಿ.

ಇನ್ನೊಂದು ಮಾತು. ಎಲ್ಲೋ ದುರಂತ ಆದ ವಾರ ನಾವೆಲ್ಲ ಹಳೇ ಬಟ್ಟೆ ಮೂಟೆ ಕಟ್ಟಿ ಕಳಿಸಿ ಸುಮ್ಮನಾಗ್ತೀವಿ. ಕ್ಯಾಮೆರಾಗಳು ವಾಪಸ್ ಹೋದ ಮೇಲೆ, ಮೂರನೇ ತಿಂಗಳಲ್ಲಿ, ಎತ್ತಬೇಕಾದ ಕಲ್ಲು ಇನ್ನೂ ಬಿದ್ದಿರುತ್ತೆ. ಆಗ ಅಲ್ಲಿ ಕೆಲಸ ಮಾಡ್ತಿರೋರಿಗೆ ಫೋನ್ ಮಾಡಿ, ‘ಈಗ ಏನು ಬೇಕು?’ ಅಂತ ಕೇಳಿ. ಅವರು ಹೇಳಿದ್ದನ್ನಷ್ಟೇ ಮಾಡಿ. ರಜೆ ಹಾಕಿ ಹೋಗೋಕಾದರೆ ಇನ್ನೂ ಒಳ್ಳೇದು.